ಇಪ್ಪತ್ತೊಂದನೆಯ ಚಾನೆಲ್

2020ರ ಮಳೆಗಾಲ. ಶಾಲೆಗಳು ಮುಚ್ಚಿ ನಾಲ್ಕು ತಿಂಗಳಾಗಿತ್ತು. ಶಹಾಬಾದಿನ ಒಂದು ಸಣ್ಣ ಕೇಬಲ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕುಳಿತು ನಾನು ಬೆಳಗಿನ ಚಹಾ ಕುಡಿಯುತ್ತಿದ್ದೆ. ಚಿಂಚೋಳಿ ಕಡೆಯಿಂದ ಫೋನ್ ಬಂತು. ಹುಡುಗಿಯ ಧ್ವನಿ.

'ಅಣ್ಣಾ, ಚಂದನ ಬರವಲ್ದು ನೋಡ್ರಿ. ಕರ್ರಗ ಕಾಣಲಾಕತ್ತದ. ಪಾಠ ಶುರು ಆಗ್ಯದ.'

'ಬಾಕ್ಸ್ ಬಂದ್ ಮಾಡಿ ಮತ್ತ ಚಾಲೂ ಮಾಡವ್ವಾ.'

'ಮಾಡೀನ್ರಿ. ಎರಡು ಸಲ ಮಾಡೀನಿ.'

'ಇನ್ನೊಮ್ಮೆ ಮಾಡಿ ನೋಡು. ನಮ್ಮ ಕಡೆ ಎಲ್ಲಾ ಸರಿ ಅದ.'

ಸುಳ್ಳು ಹೇಳಿರಲಿಲ್ಲ. ನನ್ನ ಎದುರಿನ ಟಿವಿಯಲ್ಲಿ ಚಂದನ ಚೆನ್ನಾಗಿಯೇ ಬರುತ್ತಿತ್ತು. ಆ ದಿನಗಳಲ್ಲಿ ಪ್ರೌಢಶಾಲೆಯ ಮಕ್ಕಳಿಗೆಂದು ಚಂದನ ವಾಹಿನಿಯಲ್ಲಿ 'ಸೇತುಬಂಧ' ಎಂಬ ಪಾಠಗಳು ಬರುತ್ತಿದ್ದವು. ಪರದೆಯ ಮೇಲೆ ಮೇಷ್ಟ್ರೊಬ್ಬರು ಬಿಳಿ ಹಲಗೆಯ ಮುಂದೆ ನಿಂತು ಗಣಿತ ಹೇಳಿಕೊಡುತ್ತಿದ್ದರು. ಶಹಾಬಾದಿಗೆ ಬರುವುದು ಚಿಂಚೋಳಿಗೂ ಬರಲೇಬೇಕಲ್ಲ ಎಂದುಕೊಂಡು ಫೋನ್ ಇಟ್ಟೆ. ಹಾಗೆ ಎಂಟು ದಿನ ಇಟ್ಟೆ.

ನಾನು ಇಲ್ಲಿ ಬರೆಯುತ್ತಿರುವುದು ಆ ಎಂಟು ದಿನಗಳ ಬಗ್ಗೆ.

ನಮ್ಮ ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ಹಳಿಯಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವುದು ವಾಡಿಯಲ್ಲಿ. ನಿಜಾಮರ ರಾಜ್ಯದ ರೈಲು 1874ರಲ್ಲಿ ಓಡಿದ್ದು ಇದೇ ಹಳಿಯ ಮೇಲೆ. ಒಂದು ಕಡೆ ರಾಯಚೂರು, ಗುಂತಕಲ್ಲು. ಇನ್ನೊಂದು ಕಡೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು. ಸಿಮೆಂಟಿನ ಧೂಳು ಕೂತ ಆ ಸ್ಟೇಷನ್ನಿನಲ್ಲಿ ಕೈಯಲ್ಲಿ ಬಾವುಟ ಹಿಡಿದು ಅಪ್ಪ ನಿಂತಿರುವುದನ್ನು ನೋಡುತ್ತ ಬೆಳೆದವನು ನಾನು. 'ಗಾಡಿ ಎಲ್ಲಿಂದ ಬಂತು, ಎತ್ತ ಹೋಗಬೇಕು, ಈ ಎರಡು ಗೊತ್ತಿದ್ರ ಸಾಕು. ಒಳಗ ಯಾರು ಕುಂತಾರ ಅಂತ ನಮಗ ಬೇಕಾಗಿಲ್ಲ' ಎನ್ನುತ್ತಿದ್ದರು.

ಕೇಬಲ್ ಕಂಪನಿಯಲ್ಲಿ ನನ್ನದೂ ಅದೇ ಕೆಲಸ. ಕಬ್ಬಿಣದ ಹಳಿಯ ಬದಲು ಗಾಜಿನ ಎಳೆ, ಅಷ್ಟೇ. ಶಹಾಬಾದಿನಲ್ಲಿ ಡಿಶ್‌ಗಳಿಂದ ಇಳಿಸಿದ ಚಾನೆಲ್‌ಗಳು ಫೈಬರಿನಲ್ಲಿ ವಾಡಿಗೆ, ಅಲ್ಲಿಂದ ಚಿತ್ತಾಪುರಕ್ಕೆ, ಕಾಗಿಣಾ ನದಿಯ ಮೇಲಿನ ಮಳಖೇಡವನ್ನು ಹಾದು ಸೇಡಂಗೆ ಹೋಗುತ್ತಿದ್ದವು. ಸೇಡಂನಿಂದ ಮುಂದೆ ಚಿಂಚೋಳಿಗೆ ಆಗ ಫೈಬರ್ ಇರಲಿಲ್ಲ. ಎರಡು ಟವರುಗಳ ಮೇಲೆ ಕಟ್ಟಿದ ರೇಡಿಯೊ ಒಂದೇ ದಾರಿ. ಒಂದೊಂದು ಊರಿಗೆ ಒಂದೊಂದು ಸ್ವಿಚ್. ಎಲ್ಲವೂ ಸೆಕೆಂಡ್ ಹ್ಯಾಂಡ್.

ಟಿವಿ ಚಾನೆಲ್ಲನ್ನು ನೆಟ್‌ವರ್ಕಿನಲ್ಲಿ ಕಳಿಸುವುದಕ್ಕೆ ಮೂರು ದಾರಿಗಳಿವೆ. ಕೇಳಿದ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಕಳಿಸುವುದು ಯುನಿಕಾಸ್ಟ್. ಇದು ಅಂಚೆಯ ಹಾಗೆ. ಒಂದು ಚಾನೆಲ್ಲಿಗೆ 2 ಮೆಗಾಬಿಟ್ ಬೇಕು ಅಂದುಕೊಳ್ಳಿ. 300 ಮನೆಗಳು ಅದೇ ಚಾನೆಲ್ ನೋಡುತ್ತಿದ್ದರೆ 600 ಮೆಗಾಬಿಟ್ ಹೊರಡಬೇಕು. ಎರಡನೆಯದು ಬ್ರಾಡ್‌ಕಾಸ್ಟ್. ಇದು ಡಂಗುರದ ಹಾಗೆ. ಬೇಕಾದವರಿಗೂ ಬೇಡದವರಿಗೂ ಕಿವಿಗೆ ಬೀಳುತ್ತದೆ. ಮೂರನೆಯದು ಮಲ್ಟಿಕಾಸ್ಟ್. ಮೂಲದಿಂದ ಹೊರಡುವುದು ಒಂದೇ ಪ್ರತಿ. ದಾರಿ ಎಲ್ಲಿ ಕವಲೊಡೆಯುತ್ತದೋ ಅಲ್ಲಿ ಮಾತ್ರ ಅದು ಎರಡಾಗುತ್ತದೆ. ಅದೂ ಆ ಕವಲಿನ ಆಚೆ ಕೇಳುವವರು ಇದ್ದರೆ ಮಾತ್ರ. 300 ಮನೆಗಳಿಗೂ ಅದೇ 2 ಮೆಗಾಬಿಟ್ ಸಾಕು.

ಇದನ್ನು ಮೊದಲು ಅರ್ಥ ಮಾಡಿಕೊಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ರೈಲುಗಾಡಿ ಒಂದೇ ಹೊತ್ತಿಗೆ ಎರಡು ಹಳಿಯ ಮೇಲೆ ಹೋಗಲಾರದು. ಮಾತು ಹೋಗಬಲ್ಲದು. ಅಪ್ಪನಿಗೆ ಸಾಧ್ಯವಿಲ್ಲದ್ದು ನನಗೆ ಸಾಧ್ಯವಾಗಿತ್ತು.

ಈ ಏರ್ಪಾಟಿನಲ್ಲಿ ಪ್ರತಿ ಚಾನೆಲ್ಲಿಗೂ ಒಂದು ಗುಂಪಿನ ವಿಳಾಸ ಇರುತ್ತದೆ. 224ರಿಂದ 239ರವರೆಗೆ ಶುರುವಾಗುವ ಐಪಿ ವಿಳಾಸಗಳನ್ನು ಇದಕ್ಕೆಂದೇ ಬಿಟ್ಟಿದ್ದಾರೆ. ನಮ್ಮಂಥವರು ಬೇಲಿಯೊಳಗೆ ಬಳಸಿಕೊಳ್ಳಲು ಇರುವುದು 239. ಅದು ಯಾವ ಮನೆಯ ವಿಳಾಸವೂ ಅಲ್ಲ. ಯಾರು ಕೇಳುತ್ತಾರೋ ಅವರೆಲ್ಲರ ವಿಳಾಸ. ನೀವು ರಿಮೋಟಿನಲ್ಲಿ ಚಾನೆಲ್ ಬದಲಿಸಿದಾಗ ನಿಮ್ಮ ಬಾಕ್ಸು ಹತ್ತಿರದ ಸ್ವಿಚ್ಚಿಗೆ 'ನನ್ನನ್ನೂ ಈ ಗುಂಪಿಗೆ ಸೇರಿಸಿಕೋ' ಎಂದು ಐಜಿಎಂಪಿ ಎಂಬ ಭಾಷೆಯಲ್ಲಿ ಹೇಳುತ್ತದೆ. ಸ್ವಿಚ್ಚು ತನ್ನ ಪಟ್ಟಿಯಲ್ಲಿ ಅದನ್ನು ಬರೆದುಕೊಳ್ಳುತ್ತದೆ. ಊರಿಂದೂರಿಗೆ ಆ ಕೋರಿಕೆಯನ್ನು ಮೇಲಕ್ಕೆ ದಾಟಿಸುವುದು ಪಿಐಎಂ ಎಂಬ ಇನ್ನೊಂದು ಭಾಷೆ. ಸೇಡಂ ಚಿತ್ತಾಪುರವನ್ನು ಕೇಳುತ್ತದೆ, ಚಿತ್ತಾಪುರ ವಾಡಿಯನ್ನು, ವಾಡಿ ಶಹಾಬಾದನ್ನು. ಕೋರಿಕೆ ಹೋದ ದಾರಿಯಲ್ಲೇ ಚಿತ್ರ ಇಳಿದು ಬರುತ್ತದೆ. ಬರುವ ಪ್ರತಿ ಪ್ಯಾಕೆಟ್ಟೂ ಸರಿಯಾದ ದಿಕ್ಕಿನಿಂದಲೇ ಬಂತೇ ಎಂದು ಪ್ರತಿ ಊರಿನಲ್ಲೂ ತಪಾಸಣೆ ಆಗುತ್ತದೆ. ಮೂಲಕ್ಕೆ ಹೋಗುವ ದಾರಿ ಯಾವುದೋ ಆ ದಾರಿಯಿಂದ ಬಂದಿದ್ದರೆ ಮಾತ್ರ ಒಳಗೆ. ಇಲ್ಲದಿದ್ದರೆ ಅದು ಸುತ್ತಿ ಬಂದ ಪ್ರತಿ ಎಂದು ಬಿಸಾಡಲಾಗುತ್ತದೆ. ಗಾಡಿ ಎಲ್ಲಿಂದ ಬಂತು ಎಂದು ಮೊದಲು ನೋಡುವ ಅಪ್ಪನ ಬುದ್ಧಿಯೇ ಇದು.

ಸ್ವಿಚ್ಚಿನ ನೆನಪು ಮಾತ್ರ ಶಾಶ್ವತವಲ್ಲ. ಚಿತ್ತಾಪುರದಲ್ಲಿ ಹೊಸದಾಗಿ ಇದನ್ನೆಲ್ಲ ಹೊಂದಿಸಿದ ದಿನ ಚಿತ್ರ ಬಂತೆಂದು ಖುಷಿಯಿಂದ ಮಿರ್ಚಿ ಭಜಿ ತರಿಸಿದ್ದೆವು. ಭಜಿ ಬರುವಷ್ಟರಲ್ಲಿ ಎಲ್ಲಾ ಟಿವಿಗಳೂ ನಿಂತುಬಿಟ್ಟವು. ಚಾನೆಲ್ ಬದಲಿಸಿದರೆ ಮತ್ತೆ ಬರುತ್ತಿತ್ತು, ನಾಲ್ಕು ನಿಮಿಷಕ್ಕೆ ಮತ್ತೆ ನಿಲ್ಲುತ್ತಿತ್ತು. ಕಾರಣ ಆಮೇಲೆ ತಿಳಿಯಿತು. 'ಇನ್ನೂ ಕೇಳುತ್ತಿದ್ದೀರಾ?' ಎಂದು ಆಗಾಗ ವಿಚಾರಿಸುವವರು ನೆಟ್‌ವರ್ಕಿನಲ್ಲಿ ಒಬ್ಬರು ಇರಬೇಕು. ವಾಡಿಕೆಯಂತೆ 125 ಸೆಕೆಂಡಿಗೊಮ್ಮೆ ಆ ಪ್ರಶ್ನೆ ಹೋಗುತ್ತದೆ, ಬಾಕ್ಸುಗಳು 'ಹೌದು' ಎನ್ನುತ್ತವೆ. ನಾನು ಆ ವಿಚಾರಿಸುವ ಕೆಲಸವನ್ನು ಯಾರಿಗೂ ವಹಿಸಿಯೇ ಇರಲಿಲ್ಲ. ಕೇಳುವವರು ಇಲ್ಲವೆಂದು ತಿಳಿದು 260 ಸೆಕೆಂಡಿಗೆ ಸ್ವಿಚ್ಚು ಎಲ್ಲರ ಹೆಸರು ಅಳಿಸಿಬಿಡುತ್ತಿತ್ತು. ಜನ ಟಿವಿ ಮುಂದೆ ಕೂತೇ ಇದ್ದರು. ಅವರನ್ನು ವಿಚಾರಿಸುವವರು ಇರಲಿಲ್ಲ.

ಈ ಇಡೀ ಏರ್ಪಾಟನ್ನು ಯೋಚಿಸಿದವರಲ್ಲಿ ಮೊದಲಿಗರು ಸ್ಟೀವ್ ಡೀರಿಂಗ್. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಅವರು ರೂಪಿಸಿದ ನಿಯಮಗಳು 1989ರಲ್ಲಿ ಆರ್‌ಎಫ್‌ಸಿ 1112 ಎಂಬ ದಾಖಲೆಯಾಗಿ ಬಂದವು. 1992ರಲ್ಲಿ ಇಂಟರ್ನೆಟ್ ಎಂಜಿನಿಯರುಗಳ ಸಭೆಯೊಂದರ ಧ್ವನಿಯನ್ನು ಹೀಗೆ ದೂರದ ಊರುಗಳಿಗೆ ಕಳಿಸಿದರು. 1994ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಸಂಗೀತ ಕಛೇರಿಯ ಒಂದು ಭಾಗವೂ ಹೀಗೆ ಹೋಯಿತು. ಇನ್ನು ಜಗತ್ತಿನ ಟಿವಿ, ರೇಡಿಯೊ ಎಲ್ಲಾ ಇದರಲ್ಲೇ ಎಂದು ಆಗ ಹಲವರು ನಂಬಿದ್ದರು. ಹಾಗಾಗಲಿಲ್ಲ. ಇವತ್ತು ನಿಮ್ಮ ಮೊಬೈಲಿನಲ್ಲಿ ಬರುವ ವಿಡಿಯೊ ನಿಮಗೆಂದೇ ಬೇರೆಯಾಗಿ ಹೊರಟ ಪ್ರತಿ. ಮಲ್ಟಿಕಾಸ್ಟ್ ಉಳಿದಿರುವುದು ಬೇಲಿಯೊಳಗೆ: ಟಿವಿ ಕಂಪನಿಗಳ ಸ್ವಂತ ಜಾಲದಲ್ಲಿ, ಷೇರುಪೇಟೆಗಳಲ್ಲಿ, ಕಾರ್ಖಾನೆಗಳಲ್ಲಿ.

ಕಾರಣಗಳು ಹಲವು. ನನಗೆ ದೊಡ್ಡದಾಗಿ ಕಾಣುವುದು ಒಂದು. ಮಾಮೂಲಿ ದಾರಿಯಲ್ಲಿ ನಡುವಿನ ಸ್ವಿಚ್ಚು ಯಾರನ್ನೂ ನೆನಪಿಡಬೇಕಿಲ್ಲ. ವಿಳಾಸ ನೋಡಿ ಮುಂದೆ ತಳ್ಳಿದರೆ ಆಯಿತು. ಮಲ್ಟಿಕಾಸ್ಟಿನಲ್ಲಿ ಹೇಳುವವನಿಗೆ ಖರ್ಚು ಕಡಿಮೆ, ಕೇಳುವವನಿಗೂ ಕಡಿಮೆ. ನಡುವೆ ನಿಂತವನು ಮಾತ್ರ ಪ್ರತಿ ಗುಂಪನ್ನೂ, ಆ ಗುಂಪು ಯಾವ ಯಾವ ಕಡೆ ಇದೆ ಎಂಬುದನ್ನೂ ನೆನಪಿಡಬೇಕು. ಆ ನೆನಪು ಸ್ವಿಚ್ಚಿನ ಒಳಗಿನ ಒಂದು ತುಟ್ಟಿಯ ಚಿಪ್ಪಿನಲ್ಲಿರುತ್ತದೆ. ಅದರಲ್ಲಿ ಇಷ್ಟೇ ಸಾಲು ಎಂದು ಲೆಕ್ಕ ಇದೆ. ಅಗ್ಗದ ಸ್ವಿಚ್ಚಾದರೆ ಕೆಲವು ನೂರು ಸಾಲು, ದೊಡ್ಡದಾದರೆ ಕೆಲವು ಸಾವಿರ. ತುಂಬಿದ ಮೇಲೆ ಸ್ವಿಚ್ಚಿಗೆ ಎರಡೇ ದಾರಿ. ಒಂದೋ ಹೊಸ ಗುಂಪನ್ನು ಎಲ್ಲರ ಬಾಗಿಲಿಗೂ ಸುರಿಯುವುದು, ಇಲ್ಲವೇ ಯಾರಿಗೂ ಕೊಡದಿರುವುದು. ಹಾಗಾಗಬಾರದೆಂದು ನನ್ನಂಥವರು ಮೊದಲೇ ಒಂದು ಮಿತಿ ಹಾಕುತ್ತೇವೆ. ಈ ಪೋರ್ಟಿನ ಆಚೆ ಇಷ್ಟೇ ಗುಂಪು ಹೋಗಬಹುದು, ಅದಕ್ಕಿಂತ ಹೆಚ್ಚು ಬೇಡ.

ಸೇಡಂನ ಸ್ವಿಚ್ಚಿನಲ್ಲಿ ಚಿಂಚೋಳಿ ಕಡೆಗೆ ಮುಖ ಮಾಡಿದ ಪೋರ್ಟಿಗೆ ನಾನು ಹಾಕಿದ ಮಿತಿ 20.

ಅದಕ್ಕೊಂದು ಲೆಕ್ಕ ಇತ್ತು. ರೇಡಿಯೊ 100 ಮೆಗಾಬಿಟ್ಟಿನದು. ಮಳೆಗೆ 70ಕ್ಕೆ ಇಳಿಯುತ್ತಿತ್ತು. ಇಂಟರ್ನೆಟ್ ಗಿರಾಕಿಗಳಿಗೆ 30 ಬಿಟ್ಟರೆ ಟಿವಿಗೆ 40. ಒಂದು ಚಾನೆಲ್ಲಿಗೆ 2. ಇಪ್ಪತ್ತು. ಈ ಲೆಕ್ಕ ಮಾಡಿದ್ದು 2018ರಲ್ಲಿ, ಒಂದು ಸಂಜೆ, ಐದು ನಿಮಿಷದಲ್ಲಿ. ಆಗ ಚಿಂಚೋಳಿ ಕಡೆ ಒಂದೇ ಹೊತ್ತಿಗೆ ಹನ್ನೆರಡು, ಹದಿಮೂರು ಚಾನೆಲ್ಲಿಗಿಂತ ಹೆಚ್ಚು ಯಾರೂ ಕೇಳುತ್ತಿರಲಿಲ್ಲ. ಇಪ್ಪತ್ತು ಧಾರಾಳ ಅನ್ನಿಸಿತ್ತು. ಒಂದು ಸಾಲು ಬರೆದು ಸೇವ್ ಮಾಡಿ ಬಸ್ ಹಿಡಿದಿದ್ದೆ. ಆಮೇಲೆ ಅದನ್ನು ಮರೆತೇಬಿಟ್ಟೆ.

ಲಾಕ್‌ಡೌನ್ ಬಂದಾಗ ದುಡಿಯಲು ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗಿದ್ದವರೆಲ್ಲ ಊರಿಗೆ ಮರಳಿದರು. ಮನೆ ತುಂಬ ಜನ, ದಿನವಿಡೀ ಟಿವಿ. ಬೆಳಗಾಗುವಷ್ಟರಲ್ಲಿ ಸುದ್ದಿ, ಸಿನಿಮಾ, ಭಕ್ತಿ, ಕಾರ್ಟೂನು, ಹಿಂದಿ, ತೆಲುಗು, ಮರಾಠಿ, ಉರ್ದು ಎಲ್ಲಾ ಸೇರಿ ಇಪ್ಪತ್ತು ಸಾಲು ತುಂಬಿರುತ್ತಿತ್ತು. ಪಾಠದ ಹೊತ್ತಿಗೆ ಯಾವ ಮನೆಯಲ್ಲೂ ಚಂದನ ಹಾಕಿರದಿದ್ದರೆ, ಆಮೇಲೆ ಹಾಕುವ ಮಕ್ಕಳಿಗೆ ಅದು ಇಪ್ಪತ್ತೊಂದನೆಯ ಚಾನೆಲ್. ಯಾರಾದರೂ ಮೊದಲೇ ಹಾಕಿದ್ದರೆ ಎಲ್ಲರಿಗೂ ಸಿಗುತ್ತಿತ್ತು. ಒಂದು ದಿನ ಬರುವುದು, ಮರುದಿನ ಬರದಿರುವುದು. ಅದಕ್ಕೇ ನನಗೆ ಅದು ಬಾಕ್ಸಿನ ತೊಂದರೆಯಂತೆ ಕಂಡಿತು.

ಇನ್ನೂ ಒಂದು ಸಂಗತಿ ಇದೆ. ಮಿತಿ ದಾಟಿದ ಕೋರಿಕೆಗೆ ಸ್ವಿಚ್ಚು ಉತ್ತರ ಕೊಡುವುದಿಲ್ಲ. ಐಜಿಎಂಪಿ ಭಾಷೆಯಲ್ಲಿ 'ಸೇರಿಸಿಕೋ' ಎನ್ನುವ ಮಾತಿದೆ, 'ಬಿಟ್ಟೆ' ಎನ್ನುವ ಮಾತಿದೆ, 'ಇದ್ದೀರಾ' ಎನ್ನುವ ಪ್ರಶ್ನೆಯಿದೆ. 'ಜಾಗ ಇಲ್ಲ' ಎನ್ನುವ ಮಾತೇ ಇಲ್ಲ. ಬಾಕ್ಸು ಕೇಳುತ್ತದೆ, ಕಾಯುತ್ತದೆ, ಪರದೆ ಕಪ್ಪಗಿರುತ್ತದೆ. ಹುಡುಗಿಗೆ ಅದು ತನ್ನ ಮನೆಯ ದೋಷ ಎಂದೇ ಕಾಣುತ್ತದೆ. ನಾನೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದೆ.

ಎಂಟನೆಯ ದಿನ ಫೋನ್ ಮಾಡಿದ್ದು ಅವಳ ಅಪ್ಪ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತೇನೋ. 'ಸಾಹೇಬ್ರ, ನಿಮಗ ತ್ರಾಸ ಕೊಡಲಾಕತ್ತೀವಿ. ಕೂಸು ದಿನಾ ಮುಂಜಾನಿ ತಲಿ ಬಾಚಿಕೊಂಡು, ನೋಟ್‌ಬುಕ್ ಹಿಡಕೊಂಡು ಟಿವಿ ಮುಂದ ಕೂಡ್ತದ. ಸಾಲಿಗಿ ಹೋಗಿಕ್ಕಿಂತ ಲಗೂನ ಏಳ್ತದ. ಏನರ ಮಾಡ್ರಿ' ಎಂದರು.

ಬೈಕ್ ತೆಗೆದುಕೊಂಡು ಸೇಡಂಗೆ ಹೋದೆ. ಲ್ಯಾಪ್‌ಟಾಪ್ ಜೋಡಿಸಿ ಆ ಪೋರ್ಟಿನ ಪಟ್ಟಿ ತೆಗೆದೆ. ಇಪ್ಪತ್ತು ವಿಳಾಸಗಳು ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ತಿರಸ್ಕರಿಸಿದ ಕೋರಿಕೆಗಳ ಎಣಿಕೆ. ನಾನು ನೋಡುತ್ತಿದ್ದಂತೆಯೇ ಆ ಸಂಖ್ಯೆ ಒಂದೊಂದಾಗಿ ಏರುತ್ತಿತ್ತು. ಒಂದೊಂದೂ ಯಾರೋ ರಿಮೋಟಿನ ಗುಂಡಿ ಒತ್ತಿದ್ದು. ಮಳಖೇಡದ ಆಚೆ ಮಳೆ ಶುರುವಾಗಿತ್ತು. ನಾನು ತುಸು ಹೊತ್ತು ಸುಮ್ಮನೆ ಆ ಅಂಕಿಯನ್ನೇ ನೋಡುತ್ತ ಕೂತೆ.

ಈ ಪಟ್ಟಿಯಲ್ಲಿ ಒಂದು ಕುರುಡಿದೆ. ನೂರು ಮನೆಗಳು ನೋಡುವ ಧಾರಾವಾಹಿಗೂ ಒಂದೇ ಸಾಲು, ಯಾರೂ ಇಲ್ಲದ ಕೋಣೆಯಲ್ಲಿ ಸುಮ್ಮನೆ ಓಡುತ್ತಿರುವ ಸಿನಿಮಾಕ್ಕೂ ಒಂದೇ ಸಾಲು. ಮೊದಲು ಬಂದವರಿಗೆ ಜಾಗ. ಬೇಕಿದ್ದರೆ ಇನ್ನೊಂದು ನಿಯಮ ಹಾಕಬಹುದು: ಹೊಸಬರು ಬಂದರೆ ಹಳಬರಲ್ಲಿ ಯಾರನ್ನಾದರೂ ತೆಗೆದು ಅವರಿಗೆ ಜಾಗ ಕೊಡು. ಯಾರನ್ನು ಎಂಬುದನ್ನು ಸ್ವಿಚ್ಚು ಲಾಟರಿಯಂತೆ ಆರಿಸುತ್ತದೆ. ಹಾಗೆ ಮಾಡಿದರೆ ಪಾಠದ ನಡುವೆಯೇ ಚಂದನ ಹೋಗಿಬಿಡಬಹುದು. ಎರಡೂ ನ್ಯಾಯವಲ್ಲ.

ನಾನು ಚಂದನವನ್ನು ಕಾಯಂ ಮಾಡಿದೆ. ಯಾರೂ ಕೇಳದಿದ್ದರೂ ಚಿಂಚೋಳಿಗೆ ಅದು ಹೋಗುತ್ತಲೇ ಇರಬೇಕು ಎಂದು ಒಂದು ಸಾಲು ಬರೆದೆ. ಹುಡುಗಿಯ ಮನೆಗೆ ಫೋನ್ ಮಾಡಿದೆ. 'ಬಂತ್ರೀ ಅಣ್ಣಾ' ಎಂದಳು. ಹಿಂದೆ ಪಾಠದ ಧ್ವನಿ ಕೇಳುತ್ತಿತ್ತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಗಡಿ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜ ಫೋನ್ ಮಾಡಿದರು. ಅರ್ಧ ಕನ್ನಡ, ಅರ್ಧ ತೆಲುಗು. ಅವರು ದಿನಾ ಮುಂಜಾನೆ ನೋಡುತ್ತಿದ್ದ ತೆಲುಗು ಭಕ್ತಿ ಚಾನೆಲ್ ಬರುತ್ತಿಲ್ಲ. ನಾನು ಈ ಸಲ ಬಾಕ್ಸ್ ಬಂದ್ ಮಾಡಿ ಎನ್ನಲಿಲ್ಲ. ಏನಾಗಿದೆ ಎಂದು ನನಗೆ ಗೊತ್ತಿತ್ತು. ಇಪ್ಪತ್ತರಲ್ಲಿ ಒಂದನ್ನು ಕಾಯಂ ಮಾಡಿದರೆ ಉಳಿಯುವುದು ಹತ್ತೊಂಬತ್ತು. ನಾನು ಮಿತಿಯನ್ನು ಎಲ್ಲೂ ಸರಿಸಿರಲಿಲ್ಲ. ಹೊರಗೆ ನಿಲ್ಲುವವರನ್ನು ಬದಲಿಸಿದ್ದೆ, ಅಷ್ಟೇ.

ಆ ರಾತ್ರಿ ಲೆಕ್ಕವನ್ನು ಮೊದಲಿಂದ ಮಾಡಿದೆ. ಒಂದು ಚಾನೆಲ್ಲಿಗೆ 2 ಮೆಗಾಬಿಟ್ ಬೇಕೇ ಬೇಕೆ? ಶಹಾಬಾದಿನಲ್ಲಿ ಚಿತ್ರವನ್ನು ಕುಗ್ಗಿಸುವ ಯಂತ್ರದಲ್ಲಿ ಅದನ್ನು ಒಂದೂವರೆಗೆ ಇಳಿಸಿದೆ. ಅದೇ 40ರಲ್ಲಿ ಈಗ 26 ಚಾನೆಲ್. ಚಿತ್ರ ಒಂದಿಷ್ಟು ಮಸುಕಾಯಿತು. ಯಾರೂ ಫೋನ್ ಮಾಡಲಿಲ್ಲ. ಆರು ಜಾಗಗಳು ಎರಡು ವರ್ಷದಿಂದಲೂ ಅಲ್ಲೇ ಇದ್ದವು, ನಾನು ಹುಡುಕಿರಲಿಲ್ಲ. ಎಲ್ಲರ ಚಿತ್ರವೂ ತುಸು ಮಸುಕಾದರೆ ಇನ್ನಾರು ಜನ ಒಳಗೆ ಬರಬಹುದು ಎಂಬುದು ಕಷ್ಟದ ಗಣಿತವೇನಲ್ಲ.

ಅದರ ಮುಂದಿನ ವರ್ಷ ಗೆಳೆಯನೊಬ್ಬನ ಜೊತೆ ಸನ್ನತಿಗೆ ಹೋಗಿದ್ದೆ. ಸನ್ನತಿ ನಮ್ಮ ಚಿತ್ತಾಪುರ ತಾಲೂಕಿನದೇ, ಭೀಮಾ ನದಿಯ ದಂಡೆಯ ಊರು. ಚಿಕ್ಕಂದಿನಲ್ಲಿ ಚಂದ್ರಲಾಂಬೆಯ ಜಾತ್ರೆಗೆಂದು ಹೋಗಿದ್ದ ಜಾಗ. ಅಲ್ಲಿನ ಕಾಳಿಯ ಗುಡಿಯ ಛಾವಣಿ 1980ರ ದಶಕದಲ್ಲಿ ಕುಸಿದು ಬಿದ್ದಾಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಅಶೋಕನ ಶಾಸನಗಳು. ಅತ್ತ ಡೀರಿಂಗ್ ತಮ್ಮ ನಿಯಮಗಳನ್ನು ಬರೆಯುತ್ತಿದ್ದ ದಶಕವೂ ಅದೇ. ಕಲ್ಲಿನ ಎರಡೂ ಬದಿಗಳಲ್ಲಿ ಬರಹವಿದೆ. ವಿಗ್ರಹ ನಿಲ್ಲಿಸಲು ನಡುವೆ ಕೊರೆದ ಕುಳಿಯಲ್ಲಿ ಹಲವು ಅಕ್ಷರಗಳು ಹೋಗಿಬಿಟ್ಟಿವೆ.

ನನಗೆ ಆ ಲಿಪಿ ಬರುವುದಿಲ್ಲ. ಇತಿಹಾಸ ಓದಿದ ಗೆಳೆಯ ಹೇಳುತ್ತಿದ್ದ, ನಾನು ಕೇಳುತ್ತಿದ್ದೆ. ಆ ಕಲ್ಲಿನ ಮೇಲಿರುವುದರಲ್ಲಿ ಒಂದು, ಅಶೋಕನ ಹದಿನಾಲ್ಕನೆಯ ಶಾಸನ. ಅದು ಶಾಸನಗಳ ಬಗ್ಗೆಯೇ ಬರೆದ ಶಾಸನ. ರಾಜ್ಯ ದೊಡ್ಡದು, ಎಲ್ಲವನ್ನೂ ಎಲ್ಲ ಕಡೆಯೂ ಕೆತ್ತಿಸಲಾಗದು, ಕೆಲವು ಕಡೆ ಚಿಕ್ಕದಾಗಿ, ಕೆಲವು ಕಡೆ ಮಧ್ಯಮವಾಗಿ, ಕೆಲವು ಕಡೆ ವಿಸ್ತಾರವಾಗಿ ಇರುತ್ತದೆ. ಎಲ್ಲಾದರೂ ಅಪೂರ್ಣವಾಗಿದ್ದರೆ ಅದಕ್ಕೆ ಜಾಗವೋ ಕೆತ್ತಿದವನ ತಪ್ಪೋ ಕಾರಣವಿರಬಹುದು ಎಂಬುದು ಅದರ ಸಾರ. ನಾನು ಬೆರಗಾದೆ. ಒಂದೇ ಮಾತನ್ನು ಅಷ್ಟೂ ಕವಲುಗಳಲ್ಲಿ ಪ್ರತಿ ಮಾಡಿಸಿದ ದೊರೆ, ಮಿತಿಯನ್ನೂ ಅದೇ ಕಲ್ಲಿನ ಮೇಲೆ ಬರೆಸಿದ್ದ. ನಡುವೆ ನಿಂತವನ ಕೈಯಲ್ಲಿ ತಪ್ಪಾಗಬಹುದು ಎಂದು ಮೊದಲೇ ಒಪ್ಪಿಕೊಂಡಿದ್ದ. ನನ್ನ ಸ್ವಿಚ್ಚಿಗೆ ಇಲ್ಲದ ಮಾತು ಅವನಿಗಿತ್ತು.

ಕಲ್ಲಿನ ಇನ್ನೊಂದು ಬದಿಯಲ್ಲಿರುವವು ಪ್ರತ್ಯೇಕ ಶಾಸನಗಳು. ಅವು ಒಡಿಶಾದ ಧೌಲಿ, ಜೌಗಡಗಳಲ್ಲೂ ಇವೆ. ಧೌಲಿಯ ಪಾಠದಲ್ಲಿ ಒಂದು ಆಜ್ಞೆ ಇದೆಯಂತೆ. ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಜನರಿಗೆ ಓದಿ ಕೇಳಿಸಬೇಕು. ನಡುನಡುವೆ ಸಂದರ್ಭ ಬಂದಾಗ ಒಬ್ಬನೇ ಒಬ್ಬ ಇದ್ದರೂ ಕೇಳಿಸಬಹುದು. ಗೆಳೆಯ ಇದನ್ನು ಹೇಳಿ ಮುಂದೆ ನಡೆದ. ನಾನು ಅಲ್ಲೇ ನಿಂತೆ. ಗೊತ್ತಾದ ದಿನಗಳಿಗೊಮ್ಮೆ ಕೇಳುವವರನ್ನು ಸೇರಿಸುವುದು, ಒಬ್ಬನಿದ್ದರೂ ಸಾಕು ಎನ್ನುವುದು. ನಾನು ಚಿತ್ತಾಪುರದಲ್ಲಿ ಮರೆತದ್ದು ಮೊದಲನೆಯದು. ಸೇಡಂನಲ್ಲಿ ಮರೆತದ್ದು ಎರಡನೆಯದು.

ಈಗ ಚಿಂಚೋಳಿಗೆ ಫೈಬರ್ ಹೋಗಿದೆ. ಆ ಪೋರ್ಟಿನ ಮಿತಿ 200. ತುಂಬುವ ಮಾತೇ ಇಲ್ಲ. ಆದರೂ ತಿಂಗಳಿಗೊಮ್ಮೆ ತಿರಸ್ಕಾರದ ಎಣಿಕೆ ತೆಗೆದು ನೋಡುತ್ತೇನೆ. ಸೊನ್ನೆ ಇರುತ್ತದೆ. ನೋಡಿದ ದಿನಾಂಕವನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಎಲ್ಲೇ ಮಿತಿ ಹಾಕಲಿ, ಯಾಕೆ ಹಾಕಿದೆ, ಯಾವ ಲೆಕ್ಕದ ಮೇಲೆ, ಯಾವತ್ತು ಮತ್ತೆ ನೋಡಬೇಕು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯುತ್ತೇನೆ.

ಆ ಹುಡುಗಿ 2021ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದಳು. ಆ ವರ್ಷ ಪರೀಕ್ಷೆ ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳು. ಬರೆದವರೆಲ್ಲ ಹೆಚ್ಚುಕಡಿಮೆ ಪಾಸು. ಅವಳ ಅಪ್ಪ ಫೋನ್ ಮಾಡಿ, 'ಕೂಸು ಪಾಸಾತ್ರಿ ಸಾಹೇಬ್ರ' ಎಂದರು. ಖುಷಿಯಾಯಿತು. ಎಲ್ಲರೂ ಪಾಸಾದ ವರ್ಷದ ಫಲಿತಾಂಶದಲ್ಲಿ ಆ ಎಂಟು ಬೆಳಗುಗಳ ಲೆಕ್ಕ ಸಿಗುವುದಿಲ್ಲ. ಯಾವ ಪಾಠ ತಪ್ಪಿತು, ಅದು ಮುಂದೆ ಎಲ್ಲಿ ಅಡ್ಡ ಬಂತು, ನನಗೆ ತಿಳಿಯುವ ದಾರಿಯಿಲ್ಲ. ಅಪ್ಪ ಹೇಳುತ್ತಿದ್ದ ಮಾತಿನಲ್ಲಿ ಅರ್ಧ ಮಾತ್ರ ನಾನೀಗ ಒಪ್ಪುತ್ತೇನೆ. ಎಲ್ಲಿಂದ ಬಂತು, ಎತ್ತ ಹೋಗಬೇಕು ಎಂಬುದು ಗೊತ್ತಿರಬೇಕು, ಹೌದು. ಆಚೆ ತುದಿಯಲ್ಲಿ ಯಾರು ಕೂತಿದ್ದಾರೆ ಎಂಬುದೂ ಬೇಕು.